ಐದು ಸಾವಿರ ಹೆಸರುಗಳ ಪ್ರಬಂಧ

ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಜಂಟಿಯಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟ ಬರೀ ಲೇಖಕರ ಮತ್ತು ಅವರ ಸಂಸ್ಥೆಗಳ ಹೆಸರು. ಇಂಥ ತಂಡದಲ್ಲಿ ಹತ್ತು ವರ್ಷ ದುಡಿದವರ ಪ್ರಕಟಣೆಗಳ ಪಟ್ಟಿ ನೂರಾರು ಪ್ರಬಂಧಗಳಷ್ಟು ಉದ್ದವಾಗುತ್ತದೆ. ಅದನ್ನು ನೋಡಿ ಕೆಲವರು ಮಹಾಪ್ರತಿಭೆಯೆಂದು ಬೆರಗಾಗುತ್ತಾರೆ, ಕೆಲವರು ಪುಕ್ಕಟೆ ಕೀರ್ತಿಯೆಂದು ಮೂಗು ಮುರಿಯುತ್ತಾರೆ. ಎರಡೂ ತಪ್ಪು. ಕಣಭೌತವಿಜ್ಞಾನದಲ್ಲಿ ಡಿಟೆಕ್ಟರ್ ಕಟ್ಟಿದವರು, ಅದರ ದತ್ತಾಂಶ ಸೋಸುವ ಪ್ರೋಗ್ರಾಂ ಬರೆದವರು ಪ್ರಬಂಧದ ಸಹಾಯಕರಲ್ಲ, ಪ್ರಬಂಧದ ಸಾಕ್ಷ್ಯವನ್ನೇ ಸೃಷ್ಟಿಸಿದವರು.

ಇದಕ್ಕೆ ಅತ್ಯುತ್ತಮ ಪುರಾವೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ಇದೆ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಸುಮಾರು 2.3 ಕಿ.ಮೀ. ಆಳದಲ್ಲಿ ಹಿಡಿದ ತಂಡದ ಪ್ರಬಂಧ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಬಂದದ್ದು ಅದೇ ತಿಂಗಳ 30ರಂದು. ಕೋಲಾರದ ಪ್ರಬಂಧದಲ್ಲಿ ಹನ್ನೊಂದು ಹೆಸರುಗಳಿವೆ, ಮತ್ತು ಅವುಗಳ ಕ್ರಮ ನನಗೆ ಬಲು ಇಷ್ಟ: ಮೊದಲು ಭಾರತದವರು, ಆಮೇಲೆ ಜಪಾನಿನ ಒಸಾಕಾದವರು, ಕೊನೆಗೆ ಇಂಗ್ಲೆಂಡಿನ ಡರ್ಹಮ್‌ನವರು, ಪ್ರತಿ ಗುಂಪಿನೊಳಗೂ ಇಂಗ್ಲಿಷ್ ಅಕ್ಷರಮಾಲೆಯ ಸಾಲು. ಹಾಗಾಗಿ ಮೊದಲ ಹೆಸರು ಆಚಾರ್ ಅವರದು. ಮುಂದಾಳಾಗಿದ್ದ ಎಂ.ಜಿ.ಕೆ. ಮೆನನ್ ಎರಡನೆಯವರು. 1950ರ ದಶಕದಿಂದಲೇ ಅದೇ ಗಣಿಗಳಿಗಿಳಿದು ಮ್ಯುಯಾನ್ ಕಣಗಳನ್ನು ಅಳೆದಿದ್ದ ನಂಜನಗೂಡು ಮೂಲದ ಬಿ.ವಿ. ಶ್ರೀಕಂಠನ್ ಐದನೆಯವರು. ಯಾರು ಎಷ್ಟು ದುಡಿದರೆಂದು ಆ ಸಾಲು ಹೇಳುವುದೇ ಇಲ್ಲ. ಆ ತಂಡದ ವಾದವಾದರೂ ಎಂಥದ್ದು! ನ್ಯೂಟ್ರಿನೊ ಕಣ್ಣಿಗೆ ಬೀಳುವುದಿಲ್ಲ, ಅದು ಬಂಡೆಯಲ್ಲಿ ಹುಟ್ಟಿಸಿದ ಮ್ಯುಯಾನ್ ಮಾತ್ರ ಸಿಗುತ್ತದೆ. ಆಕಾಶದಿಂದ ನೇರ ಇಳಿದ ಮ್ಯುಯಾನ್‌ಗಳೂ ಅಷ್ಟು ಆಳಕ್ಕೆ ಅಪರೂಪಕ್ಕೆ ತಲುಪುತ್ತವೆ. ಆದರೆ ತುಂಬಾ ಓರೆಯಾಗಿ ಬಂದ ಮ್ಯುಯಾನ್ ಮೇಲಿನಿಂದ ಬಂದಿದ್ದರೆ ಎಷ್ಟೋ ಪಟ್ಟು ಹೆಚ್ಚು ಬಂಡೆ ದಾಟಬೇಕಿತ್ತು, ಅದು ಅಸಾಧ್ಯ. ಆದ್ದರಿಂದ ಓರೆ ಗೆರೆಯೆಂದರೆ ನ್ಯೂಟ್ರಿನೊದ ಸಹಿ. ಆ ಓರೆಯನ್ನು ಅಳೆದದ್ದು ಕಣ ಹಾದಾಗ ಮಿನುಗುವ, ಎದುರುಬದುರು ನಿಲ್ಲಿಸಿದ ಸಿಂಟಿಲೇಟರ್ ಗೋಡೆಗಳು ಮತ್ತು ಅವುಗಳ ನಡುವೆ ಸಾಲಾಗಿ ಜೋಡಿಸಿ, ಹೊತ್ತಿದಾಗ ಫೋಟೊ ತೆಗೆಯುತ್ತಿದ್ದ ನಿಯಾನ್ ಫ್ಲ್ಯಾಶ್ ಕೊಳವೆಗಳು. ಕೊಳವೆಗಳನ್ನು ನಂಬಲಾಗದಿದ್ದರೆ ಆ ಪ್ರಬಂಧದಲ್ಲಿ ಏನೂ ಉಳಿಯುವುದಿಲ್ಲ.

ಹನ್ನೊಂದು ಜನ ಸರಿ, ಐದು ಸಾವಿರ ಅತಿಯಾಯಿತು ಎನ್ನಬಹುದು. ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗುಚ್ಛಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರಾಗುತ್ತವೆ. ಉಳಿಸಿಕೊಳ್ಳಲಾಗುವುದು ಸಾವಿರದ ಆಸುಪಾಸು ಮಾತ್ರ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನಿಸುವುದು ಟ್ರಿಗರ್ ಎಂಬ ವ್ಯವಸ್ಥೆ. ಬಿಸಾಡಿದ್ದು ಮತ್ತೆ ಸಿಗದು. ಟ್ರಿಗರ್‌ನ ನಿಯಮ ಬರೆದವರು ತಪ್ಪಿದರೆ, ಹೊಸ ಕಣ ಎದುರಿಗೇ ಬಂದು ಹೋದರೂ ಜಗತ್ತಿಗೆ ಗೊತ್ತಾಗುವುದಿಲ್ಲ. ಅಂಥವರನ್ನು ಕೃತಜ್ಞತೆಯ ಒಂದು ಸಾಲಿಗೆ ದೂಡುವುದು ಅನ್ಯಾಯ, ವಿಜ್ಞಾನದ ದೃಷ್ಟಿಯಿಂದ ಸುಳ್ಳು ಕೂಡ.

ಹಾಗಾದರೆ ಕೆಲಸಕ್ಕೆ ಆಯ್ಕೆ ಮಾಡುವಾಗ ಒಬ್ಬರನ್ನು ಇನ್ನೊಬ್ಬರಿಂದ ಹೇಗೆ ಬೇರ್ಪಡಿಸುವುದು? ಈ ಆಕ್ಷೇಪಕ್ಕೆ ತೂಕವಿದೆ. ಸಂಖ್ಯೆಯನ್ನೇ ದೇವರು ಮಾಡಿಕೊಂಡು ಪ್ರಬಂಧ ಎಣಿಸುವುದು ಓದುಬರಹ ಬಲ್ಲವರ ಮೂಢನಂಬಿಕೆ, ಅದು ತೊಲಗಬೇಕು. ನೋಡಬೇಕಾದದ್ದು ಪಟ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣು ತಪ್ಪಿಸುವ ಉಪಕರಣ ಪ್ರಬಂಧಗಳನ್ನು, ಯಾವ ಭಾಗದ ಹೊಣೆ ಯಾರದಿತ್ತು ಎಂಬುದನ್ನು. ಬೆಂಗಳೂರಿನ ಹತ್ತಿರದ ಹೊಸಕೋಟೆಯನ್ನೇ ನೋಡಿ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿರುವ ಬಾಹ್ಯಾಕಾಶ ಪ್ರಯೋಗಾಲಯಕ್ಕೆ ಅದೇ ಮೆನನ್ ಅವರ ಹೆಸರಿದೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಇಲ್ಲಿಯೇ. ಅದರ ನೇರಳಾತೀತ ಡಿಟೆಕ್ಟರ್‌ಗಳು ಬೆಳಕಿನ ಒಂದೊಂದೇ ಫೋಟಾನನ್ನು ಎಣಿಸುವಂಥವು. ಆ ಎಣಿಕೆಯ ಎಷ್ಟು ಪಾಲು ನಂಬತಕ್ಕದ್ದು ಎಂದು ಹೇಳುವ ಅಳತೆ ಹೊಂದಿಸುವಿಕೆಯ ಪ್ರಬಂಧಗಳಲ್ಲಿ ರೋಮಾಂಚಕ ನಕ್ಷತ್ರಗಳಿಲ್ಲ, ಪತ್ರಿಕೆಗಳ ಮುಖಪುಟಕ್ಕೆ ಅವು ಬರುವುದೂ ಇಲ್ಲ. ಆದರೂ ಆ ದೂರದರ್ಶಕದ ಚಿತ್ರ ಬಳಸಿ ನಕ್ಷತ್ರದ ಹೊಳಪು ಇಷ್ಟು ಎಂದು ಯಾರೇ ಬರೆಯಲಿ, ಆ ಅಂಕಿ ನಿಂತಿರುವುದು ಆ ಪ್ರಬಂಧಗಳ ಮೇಲೆ.