ಪಿಎಫ್ ಬಾಕಿ ಆದೇಶ ಬಂತಾ? ದಿವಾಳಿ ಅರ್ಜಿಗೂ ಮೊದಲು ದಿನ ಎಣಿಸಿ

ಪಿಎಫ್ ಕಚೇರಿಯಿಂದ ರಿಜಿಸ್ಟರ್ಡ್ ಪೋಸ್ಟ್ ಬಂದ್ರೆ ಎಷ್ಟೋ ವ್ಯಾಪಾರಿಗಳು ಅದನ್ನ ಗಲ್ಲಾಪೆಟ್ಟಿಗೆ ಕೆಳಗಿಟ್ಟು ಸುಮ್ಮನಾಗ್ತಾರೆ. ಬ್ಯಾಂಕ್ ಖಾತೆ ಜಪ್ತಿ ಆದ ಮೇಲೆ ವಕೀಲರ ಮನೆಗೆ ಓಟ. ಅಷ್ಟರಲ್ಲಿ ಅರ್ಧ ದಾರಿ ಮುಚ್ಚಿರುತ್ತೆ.

1952ರ ಪಿಎಫ್ ಕಾಯ್ದೆಯ 7ಎ ಕಲಂ ಪ್ರಕಾರ ಅಧಿಕಾರಿ ವಿಚಾರಣೆ ನಡೆಸಿ ಬಾಕಿ ಎಷ್ಟು ಅಂತ ನಿಗದಿ ಮಾಡ್ತಾರೆ. ನಿಜವಾದ ಹೋರಾಟ ಇರೋದು ಇಲ್ಲೇ. 20 ಅಥವಾ ಹೆಚ್ಚು ನೌಕರರಿದ್ದರೆ ಕಾಯ್ದೆ ಅನ್ವಯ. ಗುತ್ತಿಗೆದಾರನ ಮೂಲಕ ಬಂದವರೂ ಲೆಕ್ಕಕ್ಕೆ ಸೇರ್ತಾರೆ. ಒಮ್ಮೆ ಒಳಪಟ್ಟರೆ ಮುಂದೆ ಎಂಟೇ ಜನ ಉಳಿದರೂ ಬಿಡುಗಡೆ ಇಲ್ಲ. ಅಣ್ಣನ ಬಟ್ಟೆ ಅಂಗಡಿ, ತಮ್ಮನ ಪಾತ್ರೆ ಅಂಗಡಿ ಎರಡನ್ನೂ ಒಂದೇ ಸಂಸ್ಥೆ ಅಂತ ಕೂಡಿಸಿ 20 ಮಾಡಿದ್ದರೆ ಖಂಡಿತ ಪ್ರಶ್ನಿಸಬಹುದು. ಆದರೆ ಬಾಯಿಮಾತು ನಡೆಯಲ್ಲ. ಬೇರೆ ಬೇರೆ ಜಿಎಸ್‌ಟಿ ನೋಂದಣಿ, ಲೈಸೆನ್ಸ್, ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಮುಂದಿಡಬೇಕು.

ನೋಟಿಸ್ ಕೈಗೇ ಸಿಗದೆ, ನೀವಿಲ್ಲದೆ ಏಕಪಕ್ಷೀಯ ಆದೇಶ ಆಗಿದ್ದರೆ, ಆದೇಶ ತಿಳಿದ ಮೂರು ತಿಂಗಳೊಳಗೆ ಅದೇ ಅಧಿಕಾರಿಗೆ ಅರ್ಜಿ ಕೊಟ್ಟು ರದ್ದು ಕೇಳಬಹುದು. ಲೆಕ್ಕದಲ್ಲಿ ಎದ್ದು ಕಾಣುವ ತಪ್ಪಿದ್ದರೆ 45 ದಿನದೊಳಗೆ ಮರುಪರಿಶೀಲನೆ. ಮೇಲ್ಮನವಿ ಹೋಗೋದು ಬೆಂಗಳೂರಿನ ಕೇಂದ್ರ ಸರ್ಕಾರಿ ಕೈಗಾರಿಕಾ ನ್ಯಾಯಮಂಡಳಿಗೆ, ಆದೇಶ ಹೊರಟ ದಿನದಿಂದ 60 ದಿನದೊಳಗೆ. ಸಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು, ಅದಕ್ಕಿಂತ ಆಚೆ ಇಲ್ಲ. ಹಳೇ ಕಾಯ್ದೆಯಲ್ಲಿ ಶೇ.75 ಹಣ ಮೊದಲೇ ಕಟ್ಟಬೇಕು. ಕಾರಣ ತೋರಿಸಿದರೆ ಮಂಡಳಿ ಇಳಿಸಬಹುದು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದು ಶೇ.25. ನಿಮ್ಮ ಆದೇಶ ಯಾವುದರಡಿ ಬಂದಿದೆ ಅನ್ನೋದನ್ನ ವಕೀಲರಿಗೆ ಮೊದಲು ಕೇಳಿ.

"ದಿವಾಳಿ ಅಂತ ಬರೆದುಕೊಟ್ರೆ ಮುಗೀತಲ್ವಾ?" ಮುಗಿಯಲ್ಲ. ಮಾಲೀಕ ದಿವಾಳಿಯಾದರೂ ಪಿಎಫ್ ಬಾಕಿಗೆ ಇತರ ಸಾಲಗಳಿಗಿಂತ ಆದ್ಯತೆ. ಕಂಪನಿ ಮುಚ್ಚುವಾಗಲೂ ನೌಕರರ ಪಿಎಫ್ ಹಣ ಸಾಲಗಾರರಿಗೆ ಹಂಚುವ ಆಸ್ತಿಯಲ್ಲಿ ಸೇರಲ್ಲ. ಇನ್ನು ಸಂಬಳದಿಂದ ಹಿಡಿದ ಪಾಲನ್ನ ಕಟ್ಟದೆ ಬಳಸಿಕೊಂಡಿದ್ದರೆ ಅದು ನಂಬಿಕೆದ್ರೋಹದ ಕ್ರಿಮಿನಲ್ ಕೇಸು. ಆ ಹಣ ಮಾಲೀಕನದ್ದಲ್ಲ, ಅಂಗಡಿ ಹುಡುಗನದ್ದು.

ಬೇರೆ ಸಾಲಗಾರರು ಜಿಲ್ಲಾ ನ್ಯಾಯಾಲಯದಲ್ಲಿ ನಿಮ್ಮನ್ನ ದಿವಾಳಿ ಅಂತ ಘೋಷಿಸಿಬಿಟ್ಟಿದ್ದರೆ ಬೇರೆ ದಾರಿ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 35ನೇ ಕಲಂ ಪ್ರಕಾರ, ಸಾಲ ಪೂರ್ತಿ ತೀರಿದ್ದರೆ ಅಥವಾ ಘೋಷಣೆಯೇ ತಪ್ಪಾಗಿದ್ದರೆ ರದ್ದು ಕೇಳಬಹುದು.

ಪಿಎಫ್ ಲಕೋಟೆ ಬಂದ ದಿನಾಂಕವನ್ನ ಅದರ ಮೇಲೇ ಬರೆದಿಡಿ, ಲಕೋಟೆಯನ್ನೂ ಎಸೀಬೇಡಿ. ಏಕಪಕ್ಷೀಯ ಆದೇಶದ ಅರ್ಜಿಗೆ ಅದೇ ಸಾಕ್ಷಿ.