ಟ್ರ್ಯಾಕ್ಟರಿನ ಮುರಿದ ಸ್ಟಡ್ಡನ್ನು ತೆಗೆಯುವ ಬಗೆ

ಭೂಮಿ ಹದಕ್ಕೆ ಬಂದು ಬಿತ್ತನೆಗೆ ಅಣಿಯಾಗುವ ಹೊತ್ತಿಗೆ ಟ್ರ್ಯಾಕ್ಟರು ನಿಂತರೆ ಆಗುವ ನಷ್ಟವನ್ನು ರೈತ ಬಾಂಧವರಿಗೆ ವಿವರಿಸಬೇಕಾಗಿಲ್ಲ. ಹೀಗೆ ನಿಲ್ಲಿಸುವ ಸಣ್ಣ ಕಾರಣಗಳಲ್ಲಿ, ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡನ್ನು ಇಂಜಿನ್ ಹೆಡ್ಡಿಗೆ ಬಿಗಿದಿಡುವ ಸ್ಟಡ್ಡು ಮುರಿಯುವುದೂ ಒಂದು. ನಾನು ಬೇಸಾಯಶಾಸ್ತ್ರದವನು, ಮೆಕ್ಯಾನಿಕ್ ಅಲ್ಲ. ಆದರೂ ಈ ವಿಷಯ ಬರೆಯಲು ಕಾರಣವಿದೆ.

ಸ್ಟಡ್ಡು ಎಂದರೆ ತಲೆಯಿಲ್ಲದ ಬೋಲ್ಟು. ಒಂದು ತುದಿ ಹೆಡ್ಡಿನೊಳಗೆ ಕುಳಿತಿರುತ್ತದೆ, ಇನ್ನೊಂದಕ್ಕೆ ನಟ್ಟು ಬೀಳುತ್ತದೆ. ದಿನವೂ ಕಾದು ತಣಿಯುವುದರಿಂದ ಇದಕ್ಕೆ ತುಕ್ಕು ಹಿಡಿದು ನಟ್ಟು ಅಂಟಿಕೊಳ್ಳುತ್ತದೆ. ಬಹುಮಟ್ಟಿಗೆ ಇದು ಮುರಿಯುವುದು ಉಳುವಾಗಲ್ಲ, ನಾವು ಸ್ಪ್ಯಾನರಿಗೆ ಪೈಪು ಸೇರಿಸಿ ಜಗ್ಗಿದಾಗ. ಮುರಿದದ್ದನ್ನು ಹಾಗೆಯೇ ಬಿಟ್ಟು ಓಡಿಸಿದರೆ ಹೊಗೆ ಸೋರಿ ಪ್ಯಾಕಿಂಗು ಸುಡುತ್ತದೆ, ಪಕ್ಕದ ಸ್ಟಡ್ಡುಗಳ ಮೇಲೂ ಭಾರ ಬೀಳುತ್ತದೆ.

ಮೊದಲ ಔಷಧಿ ತಾಳ್ಮೆ. ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ, ಅದಿಲ್ಲದಿದ್ದರೆ ಡೀಸೆಲ್ ಬೆರೆಸಿದ ಇಂಜಿನ್ ಆಯಿಲನ್ನಾಗಲಿ ಬುಡಕ್ಕೆ ಹಾಕಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಒಂದು ರಾತ್ರಿ ಬಿಡಬೇಕು. ತುಂಡು ಹೊರಗೆ ಚಾಚಿದ್ದರೆ ಅದರ ಮೇಲೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಬಿಗಿಮಾಡಿ, ಒಳಗಿನ ನಟ್ಟನ್ನು ಎಡಕ್ಕೆ ತಿರುಗಿಸಿದರೆ ಸ್ಟಡ್ಡು ಜೊತೆಗೇ ಬರುತ್ತದೆ. ನಟ್ಟು ಹಿಡಿಯುವಷ್ಟು ಉದ್ದವಿಲ್ಲದಿದ್ದರೆ ವೆಲ್ಡಿಂಗ್ ಮಾಡುವವರಿಂದ ತುಂಡಿನ ಮೇಲೆ ಒಂದು ನಟ್ಟನ್ನು ಬೆಸೆಸಬಹುದು. ಬೆಸುಗೆಯ ಕಾವಿಗೆ ತುಕ್ಕೂ ಸಡಿಲಗೊಳ್ಳುತ್ತದೆ. ಆದರೆ ಡೀಸೆಲ್ ಟ್ಯಾಂಕು ಹತ್ತಿರವಿದೆ ಎಂಬುದನ್ನು ಮರೆಯಬಾರದು. ಬ್ಯಾಟರಿಯ ತಂತಿಯನ್ನೂ ಮೊದಲೇ ಕಳಚಿಡಬೇಕು. ಕಾದ ಹೆಡ್ಡಿಗೆ ನೀರು ಸುರಿದರೆ ಅದು ಬಿರುಕು ಬಿಡಬಹುದು.

ಸ್ಟಡ್ಡು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಡ್ರಿಲ್ ಮಾಡದೆ ವಿಧಿಯಿಲ್ಲ. ತುಂಡಿನ ಮುಖವನ್ನು ಅರದಿಂದ ಸಮಮಾಡಿ, ನಟ್ಟನಡುವೆ ಸೆಂಟರ್ ಪಂಚಿನಿಂದ ಗುರುತು ಹೊಡೆಯಬೇಕು. ಈ ಗುರುತು ತಪ್ಪಿದರೆ ಮುಂದಿನದೆಲ್ಲ ತಪ್ಪು: ಬಿಟ್ಟು ಬದಿಗೆ ಸರಿದು ಹೆಡ್ಡಿನ ಥ್ರೆಡ್ಡನ್ನೇ ಕಡಿಯುತ್ತದೆ. ಮೊದಲು 3 ಮಿ.ಮೀ., ಬಳಿಕ ಸ್ಟಡ್ಡಿನ ದಪ್ಪದ ಅರ್ಧದಷ್ಟು ರಂಧ್ರ ಕೊರೆದು, ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಅದು ತುಂಡನ್ನು ಕಚ್ಚಿ ಹೊರಗೆ ತರುತ್ತದೆ.

ಇಲ್ಲೇ ನಾನು ಎಡವಿದ್ದು. ನಮ್ಮ ಹೊಲದ ಟ್ರ್ಯಾಕ್ಟರಿನಲ್ಲಿ ಅವಸರಕ್ಕೆ ಬಿದ್ದು ಜಗ್ಗಿದಾಗ ಎಕ್ಸ್‌ಟ್ರ್ಯಾಕ್ಟರೇ ಒಳಗೆ ಮುರಿಯಿತು. ಅದು ಗಡುಸು ಉಕ್ಕು, ಸಾಮಾನ್ಯ ಬಿಟ್ಟಿಗೆ ಜಗ್ಗುವುದಿಲ್ಲ. ಕೊನೆಗೆ ಹೆಡ್ಡನ್ನೇ ಬಿಚ್ಚಿ ಪಟ್ಟಣದ ಲೇತಿಗೆ ಒಯ್ಯಬೇಕಾಯಿತು. ಅಷ್ಟರಲ್ಲಿ ಹದ ಆರಿ ಹೋಗಿತ್ತು. ತುಂಡು ಅಲುಗಲೊಲ್ಲದು ಎನಿಸಿದ ಕೂಡಲೇ ನಿಲ್ಲಿಸಿ, ಮತ್ತೆ ಎಣ್ಣೆ ಹಾಕುವುದು ಲೇಸು.

ಅದಕ್ಕೂ ಬಗ್ಗದಿದ್ದರೆ ತುಂಡನ್ನು ಪೂರ್ತಿ ಕೊರೆದು ತೆಗೆದು, ಟ್ಯಾಪಿನಿಂದ ಥ್ರೆಡ್ಡು ಹೊಸದಾಗಿ ಮಾಡಬೇಕಾಗುತ್ತದೆ. 1.25 ಮಿ.ಮೀ. ಪಿಚ್ಚಿನ 8 ಮಿ.ಮೀ. ಸ್ಟಡ್ಡಿಗೆ 6.8, 1.5 ಪಿಚ್ಚಿನ 10 ಮಿ.ಮೀ. ಸ್ಟಡ್ಡಿಗೆ 8.5 ಮಿ.ಮೀ. ಬಿಟ್ಟು ಸರಿಯಾದ ಅಳತೆ. ಕೊರೆಯುವಾಗ ಕಣ್ಣಿಗೆ ಕನ್ನಡಕವಿರಲಿ.

ಹೊಸ ಸ್ಟಡ್ಡನ್ನು ಕೊಳ್ಳುವಾಗ ಹಳೆಯ ತುಂಡನ್ನು ಅಂಗಡಿಗೆ ಒಯ್ದು ದಪ್ಪ, ಉದ್ದ, ಪಿಚ್ಚು ಮೂರನ್ನೂ ಹೋಲಿಸಿ ನೋಡಬೇಕು. ರಂಧ್ರದ ಪುಡಿಯನ್ನು ತೆಗೆದು, ಕಾವು ತಡೆಯುವ ತಾಮ್ರದ ಅಥವಾ ಗ್ರಾಫೈಟಿನ ಗ್ರೀಸನ್ನು ತೆಳ್ಳಗೆ ಸವರಿ, ಎರಡು ನಟ್ಟಿನ ಉಪಾಯದಿಂದಲೇ ಕೂರಿಸಬಹುದು. ಪ್ಯಾಕಿಂಗು ಹೊಸದಿರಲಿ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಮಾಡಿ. ಇಂಜಿನ್ನು ಒಮ್ಮೆ ಕಾದು ತಣಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.