ಉಡ ಕೊಟ್ಟ ಹೆಸರು

ಗಾದಿಗನೂರಿನಿಂದ ದಕ್ಷಿಣಕ್ಕೆ ಸಂಡೂರು. ಆ ಊರಿನ ಹೆಸರೆತ್ತಿದರೆ ಘೋರ್ಪಡೆ ರಾಜಮನೆತನದ ನೆನಪಾಗುವುದು ಸಹಜ. ಗಾದಿಗನೂರಿನಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ಹುಡುಗನೊಬ್ಬನ ಅಡ್ಡಹೆಸರೂ ಅದೇ ಆಗಿತ್ತು. ಹಾಜರಿ ಕರೆಯುವಾಗ ನಾನು, "ಅರಮನೆಯವರೇನಪ್ಪಾ?" ಎಂದುಬಿಟ್ಟೆ. ತರಗತಿ ನಕ್ಕಿತು. "ಅಲ್ಲ ಸರ್, ನಮ್ಮಪ್ಪ ಲಾರಿ ಓಡಿಸ್ತಾರೆ" ಎಂದು ಅವನು ತಲೆ ತಗ್ಗಿಸಿದನು. ತಗ್ಗಬೇಕಾದುದು ನನ್ನ ತಲೆ. ಆ ರಾತ್ರಿ ಹೆಸರಿನ ಬೇರನ್ನು ಅರಸಿ ಕುಳಿತೆ.

ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆಯನ್ನೇರಿದ ಪೂರ್ವಿಕನಿಗೆ ಈ ಬಿರುದು ಬಂತೆಂಬುದು ಐತಿಹ್ಯ. ಹೆಸರು ಮುಂದೆ ದಂಡಿನ ಬೆನ್ನು ಹಿಡಿದು ಮುಧೋಳ, ಗಜೇಂದ್ರಗಡ, ಗುತ್ತಿ, ಸಂಡೂರುಗಳಲ್ಲಿ ನೆಲೆಸಿತು. ಗುತ್ತಿಯ ಮುರಾರಿರಾಯನು 1776ರಲ್ಲಿ ಹೈದರಾಲಿಗೆ ಶರಣಾದನು. ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. ಆಳ್ವಿಕೆ ಅಳಿಯಿತು; ಹೆಸರು ಮಾತ್ರ ಉಡದ ಪಟ್ಟಿನಂತೆ ನೆಲವನ್ನು ಬಿಡಲಿಲ್ಲ.

ಇನ್ನೊಂದು ಸಂಗತಿಯುಂಟು. ಕೊಲ್ಹಾಪುರದ ಕಡೆಯ ಇಚಲಕರಂಜಿಯ ಘೋರ್ಪಡೆಯವರು ಮೂಲತಃ ಜೋಶಿ ಮನೆತನದವರು. ಆ ವಂಶದ ಮೂಲಪುರುಷ ನಾರೋ ಮಹಾದೇವನು ತನ್ನನ್ನು ಸಾಕಿ ಬೆಳೆಸಿದ ಸೇನಾಪತಿ ಸಂತಾಜಿ ಘೋರ್ಪಡೆಯ ಋಣವನ್ನು ನೆನೆದು ಒಡೆಯನ ಹೆಸರನ್ನೇ ತನ್ನದಾಗಿಸಿಕೊಂಡನು. ರಕ್ತ ಬೇರೆ, ಹೆಸರೊಂದೇ!

ಮರುದಿನ ಇದಿಷ್ಟನ್ನೂ ತರಗತಿಯಲ್ಲಿ ಹೇಳಿ, ಹುಡುಗನ ಕ್ಷಮೆ ಕೇಳಿದೆ. "ಉಡದ ಕಥೆ ನಮ್ಮಜ್ಜಿಗೂ ಗೊತ್ತು ಸರ್" ಎಂದು ಅವನು ನಕ್ಕನು. ಈಗ ನಾನು ಹಾಜರಿಯಲ್ಲಿ ಹೆಸರನ್ನಷ್ಟೇ ಕರೆಯುತ್ತೇನೆ.